ನೆರಳಿನ ತೋಟದಲ್ಲಿ ನಮ್ಮ ಕಾಡುಹೂಗಳು: ಬೀಜದಿಂದ ಬೆಳೆಸುವ ಕ್ರಮ

ಮಾವಿನ ಮರದ ಕೆಳಗೆ ಏನು ಹಾಕಿದರೂ ಬರುವುದಿಲ್ಲ, ಹಲಸಿನ ಬುಡದಲ್ಲಿ ಬರೀ ತರಗೆಲೆ, ಕಾಂಪೌಂಡ್ ಪಕ್ಕ ಬಿಸಿಲೇ ಬೀಳುವುದಿಲ್ಲ. ಇಂಥ ಜಾಗದಲ್ಲಿ ಮಲೆನಾಡಿನ ಕಾಡುಹೂಗಳನ್ನು ಬೀಜ ಹಾಕಿ ಬೆಳೆಸಬಹುದಾ ಅಂತ ತುಂಬಾ ಜನ ಕೇಳುತ್ತಲೇ ಇದ್ದೀರಿ. ಖಂಡಿತ ಬೆಳೆಸಬಹುದು. ಎಷ್ಟೋ ಕಾಡುಹೂಗಳು ಹುಟ್ಟುವುದೇ ಮರದ ಕೆಳಗೆ, ಅವಕ್ಕೆ ದಿನವಿಡೀ ಬಿಸಿಲು ಬೇಕಿಲ್ಲ. ಆದರೆ ತರಕಾರಿ ಬೀಜ ಹಾಕಿದ ಹಾಗೆ ಹಾಕಿದರೆ ಮಾತ್ರ ಒಂದೂ ಹುಟ್ಟುವುದಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಕೆಳಗಿನ ಎಲ್ಲ ಹಂತಗಳೂ ಇದರ ಮೇಲೇ ನಿಂತಿವೆ. ಬೀಜವನ್ನು ಹೇಗೆ ಬಿತ್ತಬೇಕು ಅನ್ನುವುದು ಅದರ ಕಾಯಿ ನೋಡಿದರೆ ಗೊತ್ತಾಗುತ್ತದೆ. ಸಿಡಿಯುವ ಕಾಯಿಯ ಬೀಜ ಬೇಸಿಗೆಯನ್ನು ಒಣಗಿದ ಸ್ಥಿತಿಯಲ್ಲೇ ಕಳೆದು ಮಳೆಗೆ ಕಾಯುತ್ತದೆ. ತಿರುಳಿರುವ ಹಣ್ಣಿನ ಬೀಜ ಹೆಚ್ಚಿನವು ಒಣಗಲು ಒಪ್ಪುವುದಿಲ್ಲ, ಹಸಿಯಾಗಿರುವಾಗಲೇ ಮಣ್ಣು ಸೇರಬೇಕು. ಇನ್ನು ಧೂಳಿನಂಥ ಬೀಜಕ್ಕೆ ಬೆಳಕು ಬೇಕು, ಮಣ್ಣು ಮುಚ್ಚಿದರೆ ಅದು ಏಳುವುದೇ ಇಲ್ಲ. ಈ ಮೂರು ಗುಂಪು ನೆನಪಿದ್ದರೆ ಇಲ್ಲಿ ಹೆಸರಿಸದ ಗಿಡಕ್ಕೂ ನೀವೇ ದಾರಿ ಕಂಡುಕೊಳ್ಳಬಹುದು.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಸಸಿ ತಟ್ಟೆ ಅಥವಾ ತಳ ತೂತು ಮಾಡಿದ ಅಗಲವಾದ ಡಬ್ಬ, ತೆಂಗಿನ ನಾರಿನ ಪುಡಿ (ಕೋಕೋಪೀಟ್), ಚೆನ್ನಾಗಿ ಕಳಿತ ಎಲೆಗೊಬ್ಬರ, ದಪ್ಪ ಮರಳು, ಒಂದು ಜರಡಿ, ನೀರು ಚಿಮುಕಿಸುವ ಸ್ಪ್ರೇ ಬಾಟಲಿ, ಕಾಗದದ ಕವರ್‌ಗಳು, ಹೆಸರು ಬರೆಯಲು ಪೆನ್ಸಿಲ್. ಪೆನ್ ಬೇಡ. ಮಳೆಗಾಲದಲ್ಲಿ ಶಾಯಿ ಅಳಿಸಿಹೋಗುತ್ತದೆ, ಪೆನ್ಸಿಲ್ ಬರಹ ಉಳಿಯುತ್ತದೆ.

1. ಮೊದಲು ನಿಮ್ಮ ನೆರಳು ಎಂಥದ್ದು ನೋಡಿ

ನೆರಳು ಅಂದರೆ ಎಲ್ಲವೂ ಒಂದೇ ಅಲ್ಲ. ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕೆಗಳು ನೆಲದ ಮೇಲೆ ಓಡಾಡುತ್ತಿದ್ದರೆ ಅದು ಜರಡಿ ನೆರಳು. ಕಾಡುಹೂಗಳಿಗೆ ಇದೇ ಎಲ್ಲಕ್ಕಿಂತ ಒಳ್ಳೆಯದು. ಬೆಳಗ್ಗೆ ಎರಡು ಮೂರು ಗಂಟೆ ಎಳೆ ಬಿಸಿಲು ಬಿದ್ದು ಆಮೇಲೆ ನೆರಳಾಗುವ ಜಾಗವೂ ಚೆನ್ನ. ಮಧ್ಯಾಹ್ನದಲ್ಲೂ ಆಕಾಶ ಕಾಣದ ದಟ್ಟ ನೆರಳಿನಲ್ಲಿ ಎಲೆ ಬರುತ್ತದೆ, ಹೂ ಕಡಿಮೆ.

ಒಂದು ರಜಾ ದಿನ ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನಕ್ಕೆ, ಸಂಜೆ ನಾಲ್ಕಕ್ಕೆ ಹೋಗಿ ನೋಡಿ, ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಅಂತ ಬರೆದಿಟ್ಟುಕೊಳ್ಳಿ. ಜನವರಿಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ನೋಡಿದರೆ ಇನ್ನೂ ಒಳ್ಳೆಯದು. ಮನೆಯ ಉತ್ತರದ ಗೋಡೆ ಯಾವಾಗಲೂ ನೆರಳಲ್ಲಿರುತ್ತದೆ ಅಂತ ಹೆಚ್ಚಿನವರು ತಿಳಿದಿರುತ್ತಾರೆ, ಆದರೆ ಕರ್ನಾಟಕದಲ್ಲಿ ಮೇ ನಡುವಿನಿಂದ ಜುಲೈವರೆಗೆ ಮಧ್ಯಾಹ್ನದ ಸೂರ್ಯ ಸಾಮಾನ್ಯವಾಗಿ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಮಳೆ ಶುರುವಾಗುವ ಮೊದಲಿನ ಆ ದಿನಗಳಲ್ಲಿ ಅಲ್ಲಿ ಸುಡುವ ಬಿಸಿಲು ಬೀಳಬಹುದು. ನೆರಳೆಂದು ನಂಬಿ ಅಲ್ಲಿಟ್ಟ ಎಳೆ ಸಸಿ ಒಂದೇ ಮಧ್ಯಾಹ್ನಕ್ಕೆ ಬಾಡಿಹೋಗುತ್ತದೆ.

ನೆರಳು ಕೊಡುವ ಮರ ಯಾವುದು ಅನ್ನುವುದನ್ನೂ ಗಮನಿಸಿ. ನೀಲಗಿರಿ ಮರದ ಕೆಳಗೆ ಪ್ರಯತ್ನ ಪಡಬೇಡಿ. ಅದರ ಎಲೆಯಲ್ಲಿರುವ ಅಂಶ ಬೇರೆ ಬೀಜಗಳ ಮೊಳಕೆಗೆ ಅಡ್ಡಿ, ನೀರಿಗೂ ಪೈಪೋಟಿ. ಮಾವು, ಹಲಸು, ನೇರಳೆ, ಹೊಂಗೆ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ.

2. ಯಾವ ಹೂ ಆರಿಸಬೇಕು

ಕಾಡುಹೂ ಅಂತ ಹೆಸರು ಬರೆದ ಬೀಜದ ಪ್ಯಾಕೆಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಮಾಸ್‌ನಂಥ ಹೊರದೇಶದ ಹೂಗಳು. ಕಾಸ್ಮಾಸ್ ಮೆಕ್ಸಿಕೋ ಕಡೆಯದು, ಬಿಸಿಲು ಬೇಡುವಂಥದ್ದು, ನಮ್ಮ ಮರದ ನೆರಳಿಗೂ ಅದಕ್ಕೂ ಆಗಿಬರುವುದಿಲ್ಲ. ಕಾಡಂಚಿನಲ್ಲಿ ಕಂಡದ್ದೆಲ್ಲ ನಮ್ಮದೇ ಕಾಡಿನ ಹೂ ಅಂತಲೂ ಅಲ್ಲ. ಲಂಟಾನ ಈಗ ಎಲ್ಲ ಕಾಡಿನಲ್ಲೂ ಇದೆ, ಆದರೆ ಅದು ಅಮೆರಿಕ ಖಂಡದಿಂದ ಬಂದು ನಮ್ಮ ಕಾಡನ್ನೇ ನುಂಗುತ್ತಿರುವ ಕಳೆ. ಎಷ್ಟೇ ಚೆಂದ ಕಂಡರೂ ಅದನ್ನು ತೋಟಕ್ಕೆ ತರಬೇಡಿ.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಕರ್ಣಕುಂಡಲ. ಇದು ಇಂಪೇಷನ್ಸ್ ಕುಲದ ಇಂಪೇಷನ್ಸ್ ಬಾಲ್ಸಮಿನಾ. ಒಂದೇ ಮಳೆಗಾಲದಲ್ಲಿ ಹುಟ್ಟಿ, ಹೂಬಿಟ್ಟು, ಬೀಜ ಕೊಟ್ಟು ಮುಗಿಯುತ್ತದೆ. ಬಿತ್ತಿದ ಒಂದೆರಡು ವಾರದಲ್ಲಿ ಮೊಳಕೆ, ಎರಡು ಎರಡೂವರೆ ತಿಂಗಳಲ್ಲಿ ಹೂ. ಬೀಜದ ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಗಿಡ ನನಗೆ ಗೊತ್ತಿಲ್ಲ.

ಕನಕಾಂಬರ (ಕರಾವಳಿಯವರಿಗೆ ಅಬ್ಬಲಿಗೆ) ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಮೂಲದ್ದೇ. ಅರೆನೆರಳಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಆದರೆ ಡೆಲ್ಲಿ ಕನಕಾಂಬರ ಅಂತ ಮಾರುವ ಜಾತಿ ಬೀಜ ಕಟ್ಟುವುದಿಲ್ಲ. ಅದರಲ್ಲಿ ಪ್ರತಿ ವರ್ಣತಂತುವಿನ (ಕ್ರೋಮೋಸೋಮ್) ಎರಡು ಪ್ರತಿಯ ಬದಲು ಮೂರು ಪ್ರತಿ ಇವೆ, ಹಾಗಾಗಿ ಕಾಯಿ ಗಟ್ಟಿಯಾಗುವುದಿಲ್ಲ. ಅದನ್ನು ಕಡ್ಡಿ ನೆಟ್ಟೇ ಬೆಳೆಸಬೇಕು. ಬೀಜಕ್ಕೆ ಹಳೆಯ ನಾಟಿ ಗಿಡವನ್ನೇ ಹುಡುಕಿ.

ಗೋರಂಟೆ ಗಟ್ಟಿ ಗಿಡ, ಮರೆತರೂ ಸಾಯುವುದಿಲ್ಲ. ಹಳದಿ ಹೂವಿನ ಮುಳ್ಳು ಗೋರಂಟೆಯನ್ನು ಮಕ್ಕಳು ಓಡಾಡುವ ದಾರಿಯ ಪಕ್ಕ ಮಾತ್ರ ಹಾಕಬೇಡಿ. ಇದಕ್ಕೆ ಸ್ವಲ್ಪ ಜಾಸ್ತಿ ಬೆಳಕು ಬೇಕು, ನೆರಳಿನ ಅಂಚಿನಲ್ಲಿ ಜಾಗ ಕೊಡಿ.

ಕೇಪಳ ಕೆಂಪು ಹೂಗೊಂಚಲಿನ ಪೊದೆ, ಹಣ್ಣು ಮಾಗಿದಾಗ ಹಕ್ಕಿಗಳು ತಾವಾಗಿ ಬರುತ್ತವೆ. ಬೀಜದಿಂದ ಹೂ ನೋಡಲು ಎರಡು ಮೂರು ವರ್ಷ ಬೇಕು. ಗಡಸು ನೀರಿನ ಬೋರ್‌ವೆಲ್ ಇರುವ ಕಡೆ ಇದರ ಎಲೆ ಹಳದಿಯಾಗುತ್ತದೆ, ಹುಳಿ ಮಣ್ಣು ಬೇಡುವ ಗಿಡ ಇದು. ಮಳೆನೀರು ಹಿಡಿದಿಟ್ಟು ಕೊಡಲು ಆಗುವುದಾದರೆ ಮಾತ್ರ ಹಾಕಿ.

ಬೆಗೋನಿಯಾ ಮಲಬಾರಿಕಾ ಪಶ್ಚಿಮ ಘಟ್ಟದ ತೊರೆಯಂಚಿನ, ಒದ್ದೆ ಬಂಡೆಯ ಗಿಡ. ನಿಜವಾದ ನೆರಳಿನ ಹೂ ಬೇಕೆನ್ನುವವರಿಗೆ ಇದು. ಬೀಜ ಮಾತ್ರ ಧೂಳು, ತಾಳ್ಮೆ ಇರಬೇಕು.

ಅಗ್ನಿಶಿಖೆ ಕೇಳುವವರು ತುಂಬಾ ಜನ. ಬೆಂಕಿಯ ನಾಲಿಗೆಯಂಥ ಆ ಎಸಳುಗಳನ್ನು ನೋಡಿದ ಮೇಲೆ ಯಾರಿಗೆ ಬೇಡ? ಕಾಡಂಚಿನ ಬಳ್ಳಿ ಇದು, ಬುಡ ನೆರಳಲ್ಲಿದ್ದು ತುದಿ ಬೆಳಕಿಗೆ ಹತ್ತಬೇಕು. ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ: ಈ ಗಿಡದ ಎಲ್ಲ ಭಾಗವೂ ವಿಷ. ಗೆಡ್ಡೆ ಮತ್ತು ಬೀಜದಲ್ಲಿ ಕಾಲ್ಚಿಸಿನ್ ಅನ್ನುವ ವಿಷ ಹೆಚ್ಚು, ತಿಂದರೆ ಪ್ರಾಣಕ್ಕೇ ಅಪಾಯ. ಗೆಡ್ಡೆಯನ್ನು ಗೆಣಸೆಂದು ತಿಳಿದು ತಿಂದು ಸತ್ತವರಿದ್ದಾರೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ, ಮೇಯುವ ದನ, ಅಗೆಯುವ ನಾಯಿ ಇರುವಲ್ಲಿ ಇದು ಬೇಡವೇ ಬೇಡ. ಬೆಳೆಸುವವರು ಕೈಗವಸು ಹಾಕಿಕೊಂಡೇ ಮುಟ್ಟಿ, ಬೀಜದ ಕವರ್ ಮೇಲೆ ವಿಷ ಅಂತ ದೊಡ್ಡದಾಗಿ ಬರೆದು ಅಡುಗೆಮನೆಯಿಂದ ದೂರ ಇಡಿ.

ಇನ್ನು ಕೈ ಹಾಕಬಾರದ ಎರಡು. ನೀಲಕುರಿಂಜಿ 12 ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ. ಮುನ್ನಾರಿನಲ್ಲಿ 2006ರಲ್ಲಿ, ಆಮೇಲೆ 2018ರಲ್ಲಿ ಅರಳಿದ್ದು ನೆನಪಿರಬಹುದು. ಅದು ಎತ್ತರದ ಬೆಟ್ಟದ ಬಯಲು ಹುಲ್ಲುಗಾವಲಿನದ್ದು, ಮನೆಯ ಮರದ ನೆರಳು ಅದಕ್ಕೆ ಸೇರುವುದಿಲ್ಲ. ಸೀತಾಳೆಯಂಥ ಆರ್ಕಿಡ್‌ಗಳ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರದ ಸಂಗ್ರಹವೇ ಇರುವುದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಅದಕ್ಕೆ ಊಟ ಕೊಡುತ್ತದೆ, ಲ್ಯಾಬಿನಲ್ಲಿ ಪೋಷಕಾಂಶದ ಜೆಲ್ ಮೇಲೆ ಬೆಳೆಸುತ್ತಾರೆ. ಕುಂಡದ ಮಣ್ಣಿಗೆ ಉದುರಿಸಿದರೆ ಸುಮ್ನೆ ಬೀಜ ಹಾಳು.

3. ಬೀಜ ಎಲ್ಲಿಂದ ತರಬೇಕು

ಕಾಡಿಗೆ ಹೋಗಿ ಕಿತ್ತು ತರುವುದಲ್ಲ, ಇದು ಖಡಾಖಂಡಿತ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿಂದ ಅನುಮತಿಯಿಲ್ಲದೆ ಗಿಡವಾಗಲಿ ಬೀಜವಾಗಲಿ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಕಾನೂನು ಪಕ್ಕಕ್ಕಿಟ್ಟರೂ ಯೋಚಿಸಿ: ಸಹ್ಯಾದ್ರಿಯ ಕಾಡು ಕರ್ಣಕುಂಡಲಗಳಲ್ಲಿ ಹಲವು ಜಾತಿಗಳು ಒಂದೋ ಎರಡೋ ಬೆಟ್ಟದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಒದ್ದೆ ಬಂಡೆಯ ಮೇಲಿನ ಒಂದು ಸಣ್ಣ ಗುಂಪಿನ ಕಾಯಿಗಳನ್ನೆಲ್ಲ ಒಬ್ಬರು ಜೇಬಿಗೆ ಹಾಕಿಕೊಂಡರೆ ಮುಂದಿನ ಮಳೆಗಾಲಕ್ಕೆ ಅಲ್ಲಿ ಏನುಳಿಯುತ್ತದೆ? ಅಂಥ ಗಿಡ ನಮ್ಮ ತೋಟದಲ್ಲಿ ಬದುಕುವುದೂ ಇಲ್ಲ.

ನೆಂಟರ ತೋಟ, ಊರಿನ ಹಳೆಯ ಮನೆಗಳ ಹಿತ್ತಲು, ಸ್ವಂತ ಜಮೀನಿನ ಬೇಲಿಸಾಲು, ಗಿಡ ಬೆಳೆಸುವ ಗೆಳೆಯರು, ಸ್ಥಳೀಯ ಗಿಡಗಳನ್ನೇ ಬೆಳೆಸುವ ನರ್ಸರಿಗಳು, ಇಷ್ಟು ಸಾಕು. ಕೇಳಿ ತೆಗೆದುಕೊಳ್ಳಿ. ಗಿಡದಲ್ಲಿರುವ ಕಾಯಿಗಳಲ್ಲಿ ಹತ್ತಕ್ಕೆ ಒಂದು ಎರಡು ತೆಗೆದು ಉಳಿದದ್ದನ್ನು ಬಿಡಿ. ನಿಮ್ಮದೇ ಜಿಲ್ಲೆಯ ಗಿಡದ ಬೀಜ ಸಿಕ್ಕರೆ ಅದಕ್ಕೇ ಮೊದಲ ಆದ್ಯತೆ, ಅದು ನಿಮ್ಮ ಮಳೆಗೆ ಹೊಂದಿಕೊಂಡಿರುತ್ತದೆ.

4. ಬೀಜ ಬಿಡಿಸುವ ಕೆಲಸ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬೀಜ ಹುಟ್ಟಲಿಲ್ಲ ಅನ್ನುವವರಲ್ಲಿ ಅರ್ಧಕ್ಕರ್ಧ ಜನ ತಪ್ಪುವುದು ಬಿತ್ತನೆಯಲ್ಲಿ ಅಲ್ಲ, ಬೀಜ ಕೊಯ್ಯುವುದರಲ್ಲಿ.

ಕರ್ಣಕುಂಡಲದ ಕಾಯಿ ಹಸಿರಾಗಿರುವಾಗಲೇ ಬಲಿಯುತ್ತದೆ. ಒಣಗಲಿ ಅಂತ ಕಾದರೆ ಮರುದಿನ ಬರೀ ತೊಟ್ಟು ಸಿಗುತ್ತದೆ. ಬಲಿತ ಕಾಯಿ ಉಬ್ಬಿಕೊಂಡು, ಗಾಢ ಹಸಿರು ಬಿಟ್ಟು ತಿಳಿಯಾಗಿ, ಒಳಗಿನ ಬೀಜದ ನೆರಳು ಸಿಪ್ಪೆಯ ಮೇಲೆ ಮಸುಕಾಗಿ ಕಾಣುವಂತಿರುತ್ತದೆ. ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಟಪ್ ಅಂತ ಸಿಡಿದು ಐದು ಸಿಪ್ಪೆಯೂ ಒಳಕ್ಕೆ ಸುರುಳಿ ಸುತ್ತಿಕೊಳ್ಳುತ್ತವೆ, ಬೀಜ ಮಾರು ದೂರ ಹಾರುತ್ತದೆ. ಹಾಗಾಗಿ ಕಾಯಿಯನ್ನು ಪೂರ್ತಿ ಅಂಗೈಯೊಳಗೆ ಮುಚ್ಚಿಕೊಂಡು ಆಮೇಲೆ ಒತ್ತಿ. ಇಲ್ಲವೇ ತೆಳು ಬಟ್ಟೆಯ ಪುಟ್ಟ ಚೀಲವನ್ನು ಕೊಂಬೆಗೆ ಕಟ್ಟಿ ಬಿಡಿ, ತಾನಾಗಿ ಅದರೊಳಗೇ ಸಿಡಿಯುತ್ತದೆ. ಬೀಜ ಕಂದು ಅಥವಾ ಕಪ್ಪು ಬಣ್ಣದ್ದಿರಬೇಕು. ಬೆಳ್ಳಗಿದ್ದರೆ ಅದು ಇನ್ನೂ ಎಳೆಯದು, ಇಟ್ಟುಕೊಂಡು ಪ್ರಯೋಜನವಿಲ್ಲ.

ಕನಕಾಂಬರದ್ದು ಬೇರೆಯೇ ಲೆಕ್ಕ. ಅದರ ತೆನೆ ಪೂರ್ತಿ ಒಣಗಿ ಹುಲ್ಲಿನ ಬಣ್ಣಕ್ಕೆ ಬಂದಮೇಲೆ, ಮಳೆ ಬೀಳುವ ಮೊದಲೇ ತೆನೆಯನ್ನೇ ಕತ್ತರಿಸಿ ಕಾಗದದ ಕವರಿಗೆ ಹಾಕಿ. ಈ ಕಾಯಿ ಸಿಡಿಯುವುದು ನೀರು ತಾಗಿದಾಗ. ಒಂದು ಮುಚ್ಚಳದ ಡಬ್ಬದಲ್ಲಿ ಒಣ ತೆನೆ ಇಟ್ಟು ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಿ. ಸ್ವಲ್ಪ ಹೊತ್ತಿಗೆ ಒಳಗೆ ಚಟಚಟ ಸದ್ದು ಕೇಳುತ್ತದೆ. ಸದ್ದು ನಿಂತಮೇಲೆ ಬೀಜ ಆರಿಸಿ ನೆರಳಲ್ಲಿ ಒಣಗಿಸಿ. ಗೋರಂಟೆಯ ಒಣಕಾಯಿಯನ್ನು ಮಾತ್ರ ಬಟ್ಟೆ ಚೀಲ ಕಟ್ಟಿ ಒಣಗಿರುವಾಗಲೇ ಬಿಡಿಸಿ. ಅದರ ಬೀಜದ ಮೇಲೆ ನುಣುಪು ರೋಮಗಳಿವೆ, ಒದ್ದೆಯಾದರೆ ಅವು ನಿಮಿರಿ ಲೋಳೆಯಾಗಿ ಬೆರಳಿಗೆ ಅಂಟಿಕೊಳ್ಳುತ್ತವೆ, ಬಿತ್ತಲು ಆಗುವುದಿಲ್ಲ.

ಕೇಪಳದಂಥ ಹಣ್ಣುಗಳನ್ನು ನೀರಿನಲ್ಲಿ ಹಿಸುಕಿ ತಿರುಳು ಪೂರ್ತಿ ತೊಳೆಯಿರಿ. ತಿರುಳಿನಲ್ಲಿ ಮೊಳಕೆಯನ್ನು ತಡೆಹಿಡಿಯುವ ಅಂಶ ಇರುತ್ತದೆ, ಇರುವೆ ಮತ್ತು ಬೂಷ್ಟನ್ನೂ ಅದು ಕರೆಯುತ್ತದೆ. ತೊಳೆದ ಬೀಜ ಅದೇ ವಾರ ಮಣ್ಣು ಸೇರಲಿ.

ಒಣ ಬೀಜವನ್ನು ಬಿಸಿಲಿಗೆ ಹಾಕಬೇಡಿ. ಗಾಳಿಯಾಡುವ ನೆರಳಲ್ಲಿ ಒಂದು ವಾರ, ಆಮೇಲೆ ಕಾಗದದ ಕವರ್, ಆ ಕವರ್ ಗಾಜಿನ ಬಾಟಲಿಯೊಳಗೆ. ಹೆಸರು, ಜಾಗ, ತಿಂಗಳು ಬರೆಯಲೇಬೇಕು. ಒಣಗದ ಬೀಜವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ತಿಂಗಳೊಳಗೆ ಬೂಷ್ಟು ಹಿಡಿಯುತ್ತದೆ.

5. ಬೀಜದ ನಿದ್ದೆ ಮತ್ತು ಫ್ರಿಜ್ಜಿನ ತಪ್ಪು

ಬಲಿತ ಬೀಜ ನೀರು ಸಿಕ್ಕಕೂಡಲೇ ಮೊಳೆಯದೆ ಸ್ವಲ್ಪ ಕಾಲ ಸುಮ್ಮನಿರುವುದಕ್ಕೆ ಸುಪ್ತಾವಸ್ಥೆ ಅನ್ನುತ್ತಾರೆ, ಬೀಜದ ನಿದ್ದೆ ಅಂದುಕೊಳ್ಳಿ. ಹಿಮ ಬೀಳುವ ದೇಶಗಳ ಕಾಡುಹೂಗಳಿಗೆ ಈ ನಿದ್ದೆ ಬಿಡಿಸಲು ಚಳಿ ಬೇಕು. ಹಾಗಾಗಿ ಅಲ್ಲಿನವರು ಒದ್ದೆ ಮರಳಿನಲ್ಲಿ ಬೀಜ ಕಲಸಿ ತಿಂಗಳುಗಟ್ಟಲೆ ಫ್ರಿಜ್ಜಿನಲ್ಲಿಡುತ್ತಾರೆ. ಅದನ್ನು ಓದಿ ನಮ್ಮವರೂ ಹಾಗೇ ಮಾಡುತ್ತಾರೆ. ಬೇಡ. ನಮ್ಮ ಕಾಡಿನ ಬೀಜಗಳು ಹಿಮ ಕಂಡವಲ್ಲ. ಒದ್ದೆ ಚಳಿಯಲ್ಲಿ ಅವು ಕೊಳೆಯುವುದೇ ಹೆಚ್ಚು, ತಿರುಳು ಹಣ್ಣಿನ ಬೀಜವಂತೂ ಸತ್ತೇಹೋಗುತ್ತದೆ.

ನಮ್ಮಲ್ಲಿ ಲೆಕ್ಕ ಮಳೆಯದು. ಮಳೆಗಾಲದ ಕೊನೆಗೆ ಉದುರಿದ ಬೀಜ ಚಳಿಗಾಲ, ಬೇಸಿಗೆ ಎರಡನ್ನೂ ಒಣ ತರಗೆಲೆಯಡಿ ಕಳೆದು ಮುಂಗಾರಿಗೆ ಏಳುತ್ತದೆ. ನೀವು ಮಾಡಬೇಕಾದದ್ದೂ ಇಷ್ಟೇ. ಕಾಗದದ ಕವರಿನಲ್ಲಿ ಮೇ ತನಕ ಒಣಗಿಟ್ಟು, ಭರಣಿ ಕೃತಿಕಾ ಮಳೆ ಬಿದ್ದು ಗಾಳಿಯಲ್ಲಿ ತೇವ ಬಂದಮೇಲೆ ಬಿತ್ತಿ.

ಅಗ್ನಿಶಿಖೆಯ ಬೀಜಕ್ಕೆ ಸ್ವಲ್ಪ ಹೆಚ್ಚು ಉಪಚಾರ. ಮೇಲಿನ ಕೆಂಪು ಪದರ ಉಜ್ಜಿ ತೆಗೆದು, ಉಗುರು ಬೆಚ್ಚಗಿನ ನೀರಿನಲ್ಲಿ ಒಂದು ದಿನ ನೆನೆಸಿ ಬಿತ್ತಬೇಕು. ಕೈಗವಸು ಮರೆಯಬೇಡಿ, ನೆನೆಸಿದ ನೀರನ್ನು ಸಾಕುಪ್ರಾಣಿಗೆ ಸಿಗದ ಹಾಗೆ ಚೆಲ್ಲಿ, ಆ ಪಾತ್ರೆಯನ್ನು ಅಡುಗೆಗೆ ಮತ್ತೆ ಬಳಸಬೇಡಿ.

6. ಬಿತ್ತುವ ಮಣ್ಣು

ಎರಡು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಜರಡಿ ಹಿಡಿದ ಎಲೆಗೊಬ್ಬರ, ಒಂದು ಪಾಲು ದಪ್ಪ ಮರಳು. ನಾರಿನ ಪುಡಿಯನ್ನು ಎರಡು ಸಲ ನೀರಲ್ಲಿ ನೆನೆಸಿ ಹಿಂಡಿ ಬಳಸಿ, ಕೆಲವದರಲ್ಲಿ ಉಪ್ಪಿನಂಶ ಇರುತ್ತದೆ. ಹಸಿ ಸಗಣಿ, ಯೂರಿಯಾ, ಡಿಎಪಿ ಯಾವುದೂ ಬೇಡ. ಕಾಡಿನ ನೆಲದಲ್ಲಿ ಬೀಜಕ್ಕೆ ಸಿಗುವುದು ಕಳಿತ ಎಲೆ ಮಾತ್ರ, ಅದಕ್ಕಿಂತ ಖಾರವಾದದ್ದು ಕೊಟ್ಟರೆ ಎಳೆ ಬೇರು ಸುಡುತ್ತದೆ.

ಬಿತ್ತುವ ಹಿಂದಿನ ದಿನ ಈ ಮಿಶ್ರಣದ ಮೇಲೆ ಕುದಿಯುವ ನೀರು ಸುರಿದು ಆರಲು ಬಿಡಿ. ಕಳೆ ಬೀಜವೂ ರೋಗದ ಶಿಲೀಂಧ್ರವೂ ಸಾಕಷ್ಟು ಸಾಯುತ್ತವೆ. ಬದನೆ, ಟೊಮೆಟೊ ಬೆಳೆದ ಪಾತಿಯ ಮಣ್ಣನ್ನು ಕನಕಾಂಬರಕ್ಕೆ ಹಾಕಲೇಬೇಡಿ. ಅದರಲ್ಲಿ ಬೇರುಗಂಟು ರೋಗದ ಜಂತುಹುಳು ಇರಬಹುದು, ಕನಕಾಂಬರಕ್ಕೆ ಅದು ಬೇಗ ಅಂಟಿಕೊಳ್ಳುತ್ತದೆ.

7. ಬಿತ್ತನೆ

ನೇರವಾಗಿ ನೆಲಕ್ಕೆ ಎರಚಬಹುದಾ ಅಂತ ಕೇಳುತ್ತೀರಿ. ಕರ್ಣಕುಂಡಲ, ಗೋರಂಟೆಗೆ ಸರಿ. ಉಳಿದದ್ದಕ್ಕೆ ತಟ್ಟೆಯೇ ಒಳ್ಳೆಯದು, ಏಕೆಂದರೆ ಜೂನ್ ಜುಲೈನ ಮಳೆ ಹನಿಯ ಪೆಟ್ಟಿಗೆ ಸಣ್ಣ ಬೀಜ ಎಲ್ಲೆಲ್ಲೋ ಕೊಚ್ಚಿಹೋಗುತ್ತದೆ.

ಕಣ್ಣಿಗೆ ಚೆನ್ನಾಗಿ ಕಾಣುವ ಬೀಜವನ್ನು ಅದರ ದಪ್ಪದ ಎರಡರಿಂದ ಮೂರರಷ್ಟು ಆಳದಲ್ಲಿ ಇಡಿ. ಕನಕಾಂಬರಕ್ಕೆ ಅರ್ಧ ಸೆಂಟಿಮೀಟರ್, ಅಗ್ನಿಶಿಖೆಗೆ ಒಂದು ಸೆಂಟಿಮೀಟರ್ ಸಾಕು. ಕರ್ಣಕುಂಡಲದ ಬೀಜವನ್ನು ಮೇಲೆ ಉದುರಿಸಿ ಮರಳಿನ ತೆಳು ಪದರ ಜರಡಿಯಿಂದ ಜಾಡಿಸಿದರಾಯಿತು. ಆಳ ಜಾಸ್ತಿಯಾದರೆ ಮೊಳಕೆಗೆ ಮೇಲೆ ಬರುವಷ್ಟು ಶಕ್ತಿ ಇರುವುದಿಲ್ಲ. ಬಿತ್ತುವಾಗ ಹೊಸಬರು ಹೆಚ್ಚಾಗಿ ಮಾಡುವ ತಪ್ಪು ಇದೇ.

ಬೆಗೋನಿಯಾದ ಬೀಜ ಬೇರೆಯೇ ಪಾಠ. ಒಣಗಿದ ಕಾಯನ್ನು ಬಿಳಿ ಕಾಗದದ ಮೇಲೆ ತಟ್ಟಿದರೆ ಕಂದು ಧೂಳು ಬೀಳುತ್ತದೆ, ಅದೇ ಬೀಜ. ಫ್ಯಾನ್ ಆಫ್ ಮಾಡಿ, ಉಸಿರು ತಾಗದ ಹಾಗೆ ಕೆಲಸ ಮಾಡಿ. ಒಂದು ಚಮಚ ಒಣಗಿದ ನುಣ್ಣನೆ ಮರಳಿಗೆ ಒಂದು ಚಿಟಿಕೆ ಬೀಜ ಬೆರೆಸಿ, ಮೊದಲೇ ಒದ್ದೆ ಮಾಡಿದ ಮಣ್ಣಿನ ಮೇಲೆ ಉಪ್ಪು ಉದುರಿಸಿದಂತೆ ಉದುರಿಸಿ. ಮಣ್ಣು ಮುಚ್ಚಬೇಡಿ, ಮೇಲಿನಿಂದ ನೀರು ಹಾಕಬೇಡಿ. ಡಬ್ಬದ ಮೇಲೆ ಗಾಜಿನ ತುಂಡೋ ಪಾರದರ್ಶಕ ಮುಚ್ಚಳವೋ ಇಟ್ಟು, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ. ನೀರು ಬೇಕಾದಾಗ ಡಬ್ಬವನ್ನು ಒಂದಿಂಚು ನೀರಿರುವ ತಟ್ಟೆಯಲ್ಲಿ ಕೂರಿಸಿ, ತಳದ ತೂತಿನಿಂದ ತಾನೇ ಹೀರಿಕೊಳ್ಳುತ್ತದೆ. ಮೇಲಿನ ಮಣ್ಣು ಕಪ್ಪಾದ ಕೂಡಲೇ ತೆಗೆಯಿರಿ. ಎರಡರಿಂದ ನಾಲ್ಕು ವಾರದಲ್ಲಿ ಹಸಿರು ಚುಕ್ಕೆಗಳು ಕಾಣಿಸುತ್ತವೆ. ಎಷ್ಟು ಸಣ್ಣವೆಂದರೆ ಪಾಚಿ ಅಂದುಕೊಂಡು ಕೆರೆದು ಹಾಕುವವರಿದ್ದಾರೆ. ಮಸೂರ ಹಿಡಿದು ನೋಡಿ, ಎರಡು ದುಂಡನೆ ಎಲೆ ಕಂಡರೆ ಅದು ನಿಮ್ಮ ಸಸಿ.

ಮೊಳಕೆಗೆ ಎಷ್ಟು ದಿನ? ಕರ್ಣಕುಂಡಲಕ್ಕೆ ಒಂದೆರಡು ವಾರ, ಕನಕಾಂಬರಕ್ಕೆ ಎರಡರಿಂದ ನಾಲ್ಕು ವಾರ. ಅಗ್ನಿಶಿಖೆ ಒಂದು ತಿಂಗಳಿಗೂ ಬರಬಹುದು, ಮೂರು ತಿಂಗಳಿಗೂ ಬರಬಹುದು, ಒಂದೇ ತಟ್ಟೆಯ ಬೀಜಗಳೇ ಬೇರೆ ಬೇರೆ ವಾರ ಏಳುತ್ತವೆ. ಕೇಪಳವೂ ನಿಧಾನ. ಹುಟ್ಟಲಿಲ್ಲ ಅಂತ ತಟ್ಟೆ ಬಗ್ಗಿಸಬೇಡಿ, ಮಣ್ಣು ಕೆದಕಿ ನೋಡಬೇಡಿ. ಒಂದು ಪೂರ್ತಿ ಮಳೆಗಾಲ ಕಾಯಿರಿ.

8. ಮೊಳಕೆ ಬಂದಮೇಲೆ

ಒಂದು ಬೆಳಗ್ಗೆ ನೋಡಿದರೆ ನಿನ್ನೆ ನೆಟ್ಟಗಿದ್ದ ಸಸಿಗಳು ಮಲಗಿರುತ್ತವೆ. ಎಲೆ ಇನ್ನೂ ಹಸಿರು, ಆದರೆ ಮಣ್ಣಿಗೆ ತಾಗುವಲ್ಲಿ ಕಾಂಡ ದಾರದಷ್ಟು ಸಣ್ಣಗಾಗಿ ಕಂದಾಗಿರುತ್ತದೆ. ಇದು ಸಸಿ ಕೊಳೆ ರೋಗ, ಒದ್ದೆ ಮಣ್ಣಿನ ಶಿಲೀಂಧ್ರಗಳ ಕೆಲಸ. ಮಲಗಿದ ಸಸಿಯನ್ನು ಉಳಿಸಲಾಗುವುದಿಲ್ಲ. ಅದನ್ನು ಸುತ್ತಲಿನ ಮಣ್ಣಿನ ಸಮೇತ ಚಮಚದಲ್ಲಿ ಎತ್ತಿ ಬಿಸಾಕಿ, ಮುಚ್ಚಳ ತೆಗೆದು ಗಾಳಿ ಆಡಲು ಬಿಡಿ, ಎರಡು ದಿನ ನೀರು ನಿಲ್ಲಿಸಿ. ಮುಂಚಿತವಾಗಿ ತಡೆಯುವುದೇ ಸರಿ: ದಟ್ಟವಾಗಿ ಬಿತ್ತಬೇಡಿ, ಸಂಜೆ ನೀರು ಹಾಕಬೇಡಿ, ಎಲೆಗೊಬ್ಬರಕ್ಕೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ) ಬೆರೆಸಿ ಬಳಸಿ. ಅದು ಬೆರೆಸುವುದಾದರೆ ಕುದಿನೀರು ಸುರಿದು ಮಣ್ಣು ಪೂರ್ತಿ ತಣಿದ ಮೇಲೆ ಬೆರೆಸಬೇಕು, ಮೊದಲೇ ಹಾಕಿದರೆ ಅದೂ ಸಾಯುತ್ತದೆ.

ನೆರಳಿನ ಗಿಡ ಅಲ್ವಾ ಅಂತ ಮೊಳಕೆಯನ್ನು ಕತ್ತಲೆ ಮೂಲೆಯಲ್ಲಿಡುವುದು ಇನ್ನೊಂದು ತಪ್ಪು. ಕತ್ತಲಲ್ಲಿ ಸಸಿ ಬೆಳಕು ಹುಡುಕುತ್ತಾ ಉದ್ದಕ್ಕೆ, ಬಿಳಿಚಿಕೊಂಡು ಬೆಳೆದು ಮುರಿದುಬೀಳುತ್ತದೆ. ಸೂರಿನಡಿ, ಆಕಾಶ ಕಾಣುವ ಜಾಗ ಸರಿ.

ಮೊದಲು ಬರುವ ಎರಡು ಎಲೆ ಬೀಜದ ಎಲೆಗಳು. ಆಮೇಲೆ ಬರುವುದು ಗಿಡದ ನಿಜವಾದ ಎಲೆ. ನಿಜವಾದ ಎಲೆ ಎರಡು ಜೊತೆ ಬಂದಮೇಲೆ ಒಂದೊಂದನ್ನೇ ಚಿಕ್ಕ ಪಾಟಿಗೆ ಬದಲಿಸಿ. ಎಲೆ ಹಿಡಿದು ಎತ್ತಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ನಜ್ಜಾದರೆ ಮುಗಿಯಿತು. ಬೆಗೋನಿಯಾಕ್ಕೆ ಈ ಹಂತ ತಲುಪಲು ಕೆಲವು ತಿಂಗಳೇ ಬೇಕು, ಅವಸರ ಮಾಡಬೇಡಿ.

9. ನೆಲಕ್ಕೆ ನಾಟಿ

ಮಳೆ ಚೆನ್ನಾಗಿ ಹಿಡಿದಿರುವ ಆದರೆ ಹುಚ್ಚು ಮಳೆ ಅಲ್ಲದ ದಿನಗಳು ಸರಿ. ಮಲೆನಾಡು, ಕರಾವಳಿಯಲ್ಲಿ ಮುಂಗಾರಿನ ಅಬ್ಬರ ಇಳಿಯುವ ಆಗಸ್ಟ್ ಕೊನೆ, ಸೆಪ್ಟೆಂಬರ್. ಬೆಂಗಳೂರು, ಮೈಸೂರು ಕಡೆ ಜುಲೈನಿಂದಲೇ ಆಗುತ್ತದೆ. ಕರ್ಣಕುಂಡಲಕ್ಕೆ ಮಾತ್ರ ಅಷ್ಟು ಕಾಯುವ ಹಾಗಿಲ್ಲ, ಗೇಣುದ್ದ ಆಗುವ ಮೊದಲೇ ನೆಲಕ್ಕೆ ಹೋಗಲಿ.

ಮರದ ಬುಡದಲ್ಲಿ ಗುದ್ದಲಿ ಹಾಕಿ ಅಗೆಯಬೇಡಿ. ಮರಕ್ಕೆ ಊಟ ತರುವ ಸಣ್ಣ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ, ಅವನ್ನು ಕಡಿದರೆ ಮರಕ್ಕೂ ಪೆಟ್ಟು. ಮರದ ಬೇರಿನ ಮೇಲೆ ಒಂದಡಿ ಮಣ್ಣು ಪೇರಿಸಿ ಪಾತಿ ಮಾಡುವುದೂ ಬೇಡ, ಬೇರಿಗೆ ಗಾಳಿ ಸಿಗದೆ ಮರವೇ ಸೊರಗುತ್ತದೆ. ಕಾಂಡದಿಂದ ಮೂರು ನಾಲ್ಕು ಅಡಿ ಬಿಟ್ಟು, ಕೈಗುದ್ದಲಿಯಿಂದ ಬೇರುಗಳ ನಡುವೆ ಸಿಗುವ ಸಂದಿ ಹುಡುಕಿ, ಪಾಟಿನಷ್ಟೇ ಗುಂಡಿ ತೋಡಿ, ಒಂದು ಹಿಡಿ ಎಲೆಗೊಬ್ಬರ ಹಾಕಿ ಕೂರಿಸಿ. ಚಿಕ್ಕ ಸಸಿಗಳನ್ನು ನೆಡುವುದರ ಲಾಭ ಇಲ್ಲೇ ಇರುವುದು. ಸಣ್ಣ ಗುಂಡಿ ಸಾಕು.

ಸುತ್ತ ಎರಡಿಂಚು ತರಗೆಲೆ ಹೊದಿಸಿ, ಬುಡಕ್ಕೆ ತಾಗದ ಹಾಗೆ. ಮಾವು, ಹಲಸಿನ ದಪ್ಪ ಎಲೆಯನ್ನು ಹಾಗೇ ಹಾಕಿದರೆ ಒದ್ದೆಯಾಗಿ ಒಂದಕ್ಕೊಂದು ಅಂಟಿ ಚಾಪೆಯಾಗುತ್ತದೆ, ಕೆಳಗೆ ಗಾಳಿಯೂ ಹೋಗುವುದಿಲ್ಲ. ಮುರಿದು ಪುಡಿ ಮಾಡಿ ಹಾಕಿ. ಕರ್ಣಕುಂಡಲ ಮತ್ತೆ ತಾನಾಗಿ ಹುಟ್ಟಬೇಕೆಂದರೆ ಅದರ ಸುತ್ತ ಎರಡು ಅಂಗೈಯಗಲ ನೆಲವನ್ನು ಬರಿದಾಗಿಯೇ ಬಿಡಿ.

ಬಸವನಹುಳು ಎಳೆ ಸಸಿಯನ್ನು ರಾತ್ರೋರಾತ್ರಿ ನೆಲಸಮ ಮಾಡುತ್ತದೆ. ಆಫ್ರಿಕನ್ ದೈತ್ಯ ಬಸವನಹುಳು ಬಂದಿರುವ ಊರುಗಳಲ್ಲಂತೂ ಕೇಳುವುದೇ ಬೇಡ. ಸಂಜೆ ಒದ್ದೆ ಗೋಣಿಚೀಲವನ್ನು ಸಸಿಗಳ ಹತ್ತಿರ ಹಾಸಿ, ಬೆಳಗ್ಗೆ ಅದರಡಿ ಸೇರಿದ್ದನ್ನು ಕೈಗವಸು ಹಾಕಿ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ನೆಲದ ಮೇಲೆ ಎರಚಬೇಡಿ, ಮಣ್ಣು ಕೆಡುತ್ತದೆ, ಸಸಿಯೂ ಸಾಯುತ್ತದೆ.

10. ಮೊದಲ ಬೇಸಿಗೆ

ನವೆಂಬರ್ ಡಿಸೆಂಬರ್‌ನಲ್ಲಿ ತುಂಬಾ ಜನ ಗಾಬರಿಯಾಗಿ ಕೇಳುವುದು ಇದು: ಅಗ್ನಿಶಿಖೆ ಒಣಗಿಹೋಯಿತು, ಕುಂಡ ಖಾಲಿ. ಒಣಗಿದ್ದು ಮೇಲಿನ ಭಾಗ ಮಾತ್ರ. ಕೆಳಗೆ ಸಣ್ಣ ಗೆಡ್ಡೆ ಮಲಗಿದೆ. ನೀರು ಪೂರ್ತಿ ನಿಲ್ಲಿಸಿ, ಕುಂಡಕ್ಕೆ ಹೆಸರು ಬರೆದು ಮಳೆ ಬೀಳದ ಕಡೆ ಇಡಿ, ಮುಂಗಾರಿಗೆ ಮತ್ತೆ ಏಳುತ್ತದೆ. ಪಾಪ ಒಣಗಿದೆ ಅಂತ ನೀರು ಹಾಕಿದರೆ ಗೆಡ್ಡೆ ಕೊಳೆಯುತ್ತದೆ. ತೆಗೆದು ನೋಡುವ ಆಸೆಯೂ ಬೇಡ. ಗೆಡ್ಡೆಯ ತುದಿಯಲ್ಲಿರುವ ಮೊಗ್ಗು ತುಂಬಾ ನಾಜೂಕು, ಅದು ಮುರಿದರೆ ಬಳ್ಳಿ ಏಳುವುದೇ ಇಲ್ಲ. ಹೂವಿಗೆ ಮೂರನೇ ನಾಲ್ಕನೇ ಮಳೆಗಾಲದವರೆಗೂ ಕಾಯಬೇಕಾಗಬಹುದು.

ಕನಕಾಂಬರ, ಗೋರಂಟೆ, ಕೇಪಳಕ್ಕೆ ಮೊದಲ ಬೇಸಿಗೆ ವಾರಕ್ಕೆ ಎರಡು ಸಲ ಬುಡ ನೆನೆಯುವಂತೆ ನೀರು ಕೊಡಿ. ದಿನಾ ಚಿಮುಕಿಸುವುದಕ್ಕಿಂತ ಇದು ಒಳ್ಳೆಯದು, ಬೇರು ಆಳಕ್ಕೆ ಹೋಗುತ್ತದೆ. ಮರ ತಾನೂ ನೀರು ಎಳೆಯುತ್ತದೆ ಅನ್ನುವುದು ನೆನಪಿರಲಿ, ನೆರಳಿನ ನೆಲ ನೋಡಲು ತಂಪಾಗಿದ್ದರೂ ಎರಡಿಂಚು ಕೆಳಗೆ ಒಣಗಿರುತ್ತದೆ. ಬೆರಳು ತೂರಿಸಿ ನೋಡಿ ನಿರ್ಧರಿಸಿ. ಬೆಗೋನಿಯಾ ಬೇಸಿಗೆಯಲ್ಲಿ ಸೊರಗಿದರೆ ಕುಂಡದಲ್ಲೇ ಇಟ್ಟು, ನೀರಿನ ತೊಟ್ಟಿಯ ಪಕ್ಕದ ತಂಪಿಗೆ ಸರಿಸಿ.

ಎರಡನೇ ವರ್ಷ ಮೇ ಬಂದಾಗ ಕಳೆ ಕೀಳುವ ಮುನ್ನ ಕೈ ತಡೆಯಿರಿ. ಹೋದ ವರ್ಷದ ಕರ್ಣಕುಂಡಲದ ಬೀಜಗಳು ಮೊದಲ ಒಳ್ಳೆಯ ಮಳೆಗೆ ಗಿಡವಿದ್ದ ಜಾಗದಿಂದ ಆರೇಳು ಅಡಿ ದೂರದಲ್ಲೂ ಎದ್ದಿರುತ್ತವೆ. ಎಲೆಯಂಚಿನಲ್ಲಿ ಸಣ್ಣ ಹಲ್ಲುಗಳು, ಕಾಂಡ ನೀರು ತುಂಬಿದಂತೆ ಮೆತ್ತಗೆ, ಇದೇ ಗುರುತು. ಒಂದು ಗೇಣಿಗೆ ಒಂದರಂತೆ ಉಳಿಸಿ, ಉಳಿದದ್ದನ್ನು ಮಳೆ ಬಿದ್ದ ಸಂಜೆ ಬೇರುಮಣ್ಣಿನ ಸಮೇತ ಎತ್ತಿ ಕೇಳಿದವರಿಗೆ ಕೊಡಿ.